ಗೇರುಹಣ್ಣನ್ನು ಎಸೆಯುವ ಮೊದಲು

ಮಕ್ಕಳೇ, ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಗೇರುಹಣ್ಣಿನ ಕಾಲ. ಕೆಂಪು, ಹಳದಿ ಹಣ್ಣುಗಳು ಮರದ ಬುಡದಲ್ಲಿ ಉದುರಿ ಬಿದ್ದಿರುತ್ತವೆ. ಬುಟ್ಟಿ ಹಿಡಿದು ಹೋದ ನೀವು ಏನು ಮಾಡುತ್ತೀರಿ? ಬೀಜವನ್ನು ತಿರುಚಿ ತೆಗೆದು ಬುಟ್ಟಿಗೆ ಹಾಕುತ್ತೀರಿ. ಒಂದೆರಡು ಹಣ್ಣುಗಳನ್ನು ಚೀಪುತ್ತೀರಿ. ಉಳಿದುದನ್ನು ಅಲ್ಲಿಯೇ ಎಸೆದು ಬರುತ್ತೀರಿ. ದೊಡ್ಡವರು ಮಾಡುವುದೂ ಅದನ್ನೇ.

ಬೀಜಕ್ಕೆ ಅಂಗಡಿಯಲ್ಲಿ ಬೆಲೆಯಿದೆ, ಹಣ್ಣಿಗಿಲ್ಲ. ಆದರೆ ತೂಗಿ ನೋಡಿ. ಹಣ್ಣಿನ ಭಾರ ಬೀಜದ ಭಾರಕ್ಕಿಂತ ಹಲವು ಪಟ್ಟು ಹೆಚ್ಚು. ಅಂದರೆ ಮರ ಕೊಟ್ಟುದರಲ್ಲಿ ದೊಡ್ಡ ಪಾಲನ್ನು ನಾವು ಎಸೆಯುತ್ತಿದ್ದೇವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ? ಹೇಳುತ್ತೇನೆ, ಕೇಳಿ.

ಎಸೆದ ಹಣ್ಣಿನ ಹತ್ತಿರ ಮರುದಿನ ಹೋಗಿ ನೋಡಿ. ಮೂಗಿಗೆ ಘಾಟು ಬಡಿಯುತ್ತದೆ. ಹಣ್ಣು ಕೊಳೆಯಿತು ಎಂದು ನಾವು ಹೇಳುತ್ತೇವೆ. ನಿಜವಾಗಿ ಅಲ್ಲಿ ಒಂದು ಕಾರ್ಖಾನೆಯೇ ನಡೆಯುತ್ತಿರುತ್ತದೆ! ಗೇರುಹಣ್ಣಿನ ರಸದ ನೂರು ಪಾಲಿನಲ್ಲಿ ಸುಮಾರು ಹತ್ತು ಪಾಲು ಸಕ್ಕರೆ. ಯೀಸ್ಟ್ ಎಂಬ ಸೂಕ್ಷ್ಮಾಣುಜೀವಿ ಈ ಸಕ್ಕರೆಯನ್ನು ತಿನ್ನುತ್ತದೆ. ಅದರ ಮೈ ಒಂದೇ ಒಂದು ಜೀವಕೋಶ. ಆ ಪುಟ್ಟ ಕೋಶದೊಳಗೆ ಸಕ್ಕರೆಯು ಆಲ್ಕೋಹಾಲ್ ಆಗಿ ಬದಲಾಗುತ್ತದೆ. ಆಮೇಲೆ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಗಳು ಬರುತ್ತವೆ. ಅವು ಗಾಳಿಯ ಸಹಾಯದಿಂದ ಆಲ್ಕೋಹಾಲನ್ನು ಅಸಿಟಿಕ್ ಆಮ್ಲವನ್ನಾಗಿ ಮಾಡುತ್ತವೆ. ಉಪ್ಪಿನಕಾಯಿಗೆ ಹಾಕುವ ವಿನೆಗರಿನ ಹುಳಿ ಇದೇ.

ಈ ಕೆಲಸಗಾರರು ನಮಗೆ ಹೊಸಬರಲ್ಲ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗ್ಗೆ ಉಬ್ಬುವುದು ಇಂಥವುಗಳಿಂದಲೇ. ಹಾಲಿಗೆ ಹೆಪ್ಪು ಹಾಕುವಾಗ ಅಮ್ಮ ಅವುಗಳನ್ನೇ ಕೆಲಸಕ್ಕೆ ಕರೆಯುತ್ತಾರೆ. ಹುಳಿಯಾಗುವುದರ ಹಿಂದೆ ಜೀವಿಗಳಿವೆ ಎಂದು 1857ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ತಿಳಿಸಿಕೊಟ್ಟರು. ಇಂದು ಈ ಜೀವಿಗಳು ದೊಡ್ಡ ಕಾರ್ಖಾನೆಗಳಲ್ಲಿ ದುಡಿಯುತ್ತಿವೆ. ಕಬ್ಬಿನ ಕಾಕಂಬಿಯಿಂದ ಯೀಸ್ಟ್ ತಯಾರಿಸುವ ಎಥನಾಲನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ಸಕ್ಕರೆಯಿಂದ ಬ್ಯಾಕ್ಟೀರಿಯ ಮಾಡಿದ ಲ್ಯಾಕ್ಟಿಕ್ ಆಮ್ಲದಿಂದ ಒಂದು ಬಗೆಯ ಪ್ಲಾಸ್ಟಿಕ್ ಕೂಡ ಆಗುತ್ತದೆ. ಕಸದಿಂದ ರಸ ಎಂಬ ಮಾತನ್ನು ನಿಜ ಮಾಡಿದವು ಇವು.

ಆದರೆ ಇವುಗಳಿಗೆ ಒಳ್ಳೆಯದು, ಕೆಟ್ಟದ್ದು ತಿಳಿಯದು. ಕೆಲಸ ಹಚ್ಚುವವರು ನಾವು. ಇಂಗ್ಲೆಂಡಿನಲ್ಲಿ ನಡೆದ ಒಂದು ಸಂಗತಿ ಕೇಳಿ. ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಮದ್ದುಗುಂಡು ತಯಾರಿಸಲು ಅಸಿಟೋನ್ ಎಂಬ ದ್ರವ ಬೇಕಾಗಿತ್ತು. ಜೋಳದ ಪಿಷ್ಟದಿಂದ ಬ್ಯಾಕ್ಟೀರಿಯಗಳ ಮೂಲಕ ಅದನ್ನು ಪಡೆಯುವ ದಾರಿಯನ್ನು ಖೈಮ್ ವೈಜ್‌ಮನ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದರು. ಜೋಳಕ್ಕೆ ಅಭಾವ ಬಂದಾಗ, 1917ರಲ್ಲಿ, ಮರದಡಿ ಬಿದ್ದ ಹಾರ್ಸ್ ಚೆಸ್ಟ್‌ನಟ್ ಕಾಯಿಗಳನ್ನು ಆರಿಸಲು ಶಾಲಾಮಕ್ಕಳಿಗೆ ಹೇಳಿದರು. ನಿಮ್ಮಂಥ ಮಕ್ಕಳು ಚೀಲ ಚೀಲ ತುಂಬಿಸಿದರು. ಅದು ಯಾವುದಕ್ಕೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಸಾಗಿಸುವ ಏರ್ಪಾಡು ಸಾಲದೆ ರಾಶಿ ರಾಶಿ ಕಾಯಿಗಳು ರೈಲುನಿಲ್ದಾಣಗಳಲ್ಲೇ ಕೊಳೆತವು. ಕೆಲಸಕ್ಕೆ ಒಳ್ಳೆಯ ಉದ್ದೇಶ ಬೇಕು, ಸರಿಯಾದ ಏರ್ಪಾಡೂ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠವಿಲ್ಲ.

ಉದ್ದೇಶದ ಮಾತು ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಅರ್ಥವಾಗಬೇಕು. ಇದೇ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ಎಣ್ಮಕಜೆಯೇ ಮೊದಲಾದ ಊರುಗಳ ಜನರು ಪಟ್ಟ ಪಾಡನ್ನು ನೀವು ಕೇಳಿದ್ದೀರಿ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಅಂದಿನಿಂದ ರಾಸಾಯನಿಕ ಎಂಬ ಮಾತು ಕೇಳಿದರೇ ನಮ್ಮಲ್ಲಿ ಹಲವರಿಗೆ ಹೆದರಿಕೆ. ಆದರೆ ವಿನೆಗರಿನ ಆಮ್ಲವೂ ರಾಸಾಯನಿಕವೇ, ಮೊಸರಿನ ಹುಳಿಯೂ ರಾಸಾಯನಿಕವೇ. ಹೆಸರಿಗೆ ಹೆದರಬೇಕಾಗಿಲ್ಲ. ಯಾವುದೇ ವಸ್ತು ಎದುರಿಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಇದನ್ನು ಯಾವುದರಿಂದ ಮಾಡಿದರು? ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?

ಗೇರುಹಣ್ಣು ಒಂದೇ ದಿನದಲ್ಲಿ ಹಾಳಾಗುತ್ತದೆ, ದೂರಕ್ಕೆ ಸಾಗಿಸಲಾಗದು, ಲಾಭವೆಲ್ಲಿ ಎಂದು ದೊಡ್ಡವರು ಕೇಳಬಹುದು. ಆ ಮಾತು ನಿಜ. ಆದ್ದರಿಂದಲೇ ಹಣ್ಣನ್ನು ದೂರ ಕೊಂಡೊಯ್ಯದೆ, ಗುಡ್ಡದ ಬುಡದಲ್ಲೇ ವಿನೆಗರ್ ಮಾಡುವ ಚಿಕ್ಕ ಘಟಕಗಳು ಬೇಕು ಎನ್ನುತ್ತೇನೆ. ಪಂಚಾಯತು ಮತ್ತು ಕುಟುಂಬಶ್ರೀ ಗುಂಪುಗಳು ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ. ತಿಳಿವಳಿಕೆ ಕೊಡುವವರು ದೂರದಲ್ಲಿಲ್ಲ. ಗೇರು ಸಂಶೋಧನೆಗೆಂದೇ 1986ರಲ್ಲಿ ಪಕ್ಕದ ಪುತ್ತೂರಿನಲ್ಲಿ ಒಂದು ಕೇಂದ್ರ ಆರಂಭವಾಗಿದೆ. ಕಾಸರಗೋಡಿನಲ್ಲೇ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾಲಯವಿದೆ. ತೆಂಗಿನ ಸಂಶೋಧನೆ ಅಲ್ಲಿ 1916ರಲ್ಲೇ ಮೊದಲಾಗಿತ್ತು. ಕೊಬ್ಬರಿ ಮಾಡುವಲ್ಲಿ ಚೆಲ್ಲಿಹೋಗುವ ತೆಂಗಿನಕಾಯಿಯ ನೀರಿಗೂ ಸ್ವಲ್ಪ ಸಕ್ಕರೆ ಸೇರಿಸಿದರೆ ಹೀಗೆಯೇ ವಿನೆಗರ್ ಮಾಡಬಹುದು.

ನೀವು ಮಾಡಬಹುದಾದ ಕೆಲಸ ಒಂದಿದೆ. ಈ ಸಲ ಗೇರುಹಣ್ಣಿನ ಕಾಲ ಬಂದಾಗ ಟೀಚರ ಸಹಾಯದಿಂದ ನಾಲ್ಕು ಹಣ್ಣುಗಳನ್ನು ಹಿಂಡಿ, ರಸವನ್ನು ಗಾಜಿನ ಭರಣಿಯಲ್ಲಿಡಿ. ಬಾಯಿಗೆ ತೆಳುಬಟ್ಟೆ ಕಟ್ಟಿ. ಮುಚ್ಚಳ ಬಿಗಿಯಬೇಡಿ, ಒಳಗೆ ಅನಿಲ ತುಂಬಿ ಭರಣಿ ಒಡೆದೀತು. ದಿನಕ್ಕೊಮ್ಮೆ ನೋಡಿ, ಮೂಸಿ, ಕಂಡುದನ್ನು ಪುಸ್ತಕದಲ್ಲಿ ಬರೆಯಿರಿ. ಕುಡಿಯಬೇಡಿ. ನೊರೆ ಯಾವ ದಿನ ಬಂತು? ಸಿಹಿವಾಸನೆ ಯಾವಾಗ ಹೋಯಿತು? ಹುಳಿವಾಸನೆ ಯಾವಾಗ ಬಂತು?

ಬರೆದುದನ್ನು ಮನೆಯಲ್ಲಿ ಓದಿ ಹೇಳಿ. ಆಮೇಲೆ ಅಪ್ಪ, ಅಮ್ಮನ ಜೊತೆ ಗುಡ್ಡಕ್ಕೆ ಹೋದಾಗ, ಹಣ್ಣನ್ನು ಎಸೆಯಲು ಎತ್ತಿದ ನಿಮ್ಮ ಕೈ ಒಂದು ಕ್ಷಣ ನಿಂತರೂ ಸಾಕು.