ಬೀಗ ತೆಗೆದ ಮೇಲಿನ ಒಂದು ಗಂಟೆ

ದಾದರ್‌ನಲ್ಲಿ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿದು ಮನೆಯ ಬೀಗ ತೆಗೆಯುವಾಗ ರಾತ್ರಿ ಎಂಟೂಕಾಲು. ಒಳಗೆ ಯಾರೂ ಇಲ್ಲ. ನನಗೆ ಅದೇ ಸುಖ. ಒಂಬತ್ತೂವರೆಗೆ ಊರಿಂದ ಅಮ್ಮನ ಫೋನು: "ಒಬ್ಳೇ ಬೇಜಾರಾಗಲ್ವೇನೇ?" "ಆಗತ್ತಮ್ಮ" ಎಂದು ಏಳು ವರ್ಷ ಸುಳ್ಳು ಹೇಳಿದೆ. ಆಗಲ್ಲ ಅಂದರೆ ಅವಳಿಗೆ ನೋವಾದೀತೆಂಬ ಅಳುಕು.

ಹಾಗಂತ ಏಕಾಂತ ಬಾಗಿಲು ಹಾಕಿದ ಕೂಡಲೇ ಸಿಗುವುದಿಲ್ಲ. ಮೊದಲೆಲ್ಲ ಬ್ಯಾಗು ಎಸೆದು ಮಂಚದ ಮೇಲೆ ಬಿದ್ದು ಮೊಬೈಲ್ ಉಜ್ಜುತ್ತಿದ್ದೆ; ನೋಡುವಷ್ಟರಲ್ಲಿ ಹನ್ನೊಂದು. ಒಬ್ಬಳೇ ಇದ್ದೆ ನಿಜ, ಆದರೆ ಇಡೀ ಆಫೀಸು ಅಂಗೈಯಲ್ಲಿತ್ತು.

ಈಗ ಮೊಬೈಲ್ ಬಾಗಿಲ ಹತ್ತಿರವೇ ಚಾರ್ಜಿಗೆ. ಅಮ್ಮನ ಕರೆಯ ಸದ್ದು ಮಾತ್ರ ಕೇಳಬೇಕು. ಊರಲ್ಲಿ ಹೊರಗಿಂದ ಬಂದವರು ಮೊದಲು ಬಚ್ಚಲಿಗೆ ಹೋಗುತ್ತಿದ್ದರಲ್ಲ, ನಾನೂ ಹಾಗೆಯೇ. ಮಲಗುವ ಒಂದೆರಡು ಗಂಟೆ ಮುಂಚೆ ಬಿಸಿನೀರು ಹುಯ್ದುಕೊಂಡರೆ ಕೈಕಾಲಿನ ರಕ್ತನಾಳ ಹಿಗ್ಗಿ, ಮೈಯೊಳಗಿನ ಕಾವು ಹೊರಹೋಗುತ್ತದೆ. ಮೈ ತಣಿದರೆ ನಿದ್ದೆ ಸಲೀಸು. ಆಮೇಲೆ ಟ್ಯೂಬ್‌ಲೈಟ್ ಆರಿಸಿ ಮೂಲೆಯ ಸಣ್ಣ ದೀಪವೊಂದೇ. ಬೆಳಕು ಜೋರಾಗಿದ್ದರೆ ನಿದ್ದೆಗೆ ಬೇಕಾದ ಮೆಲಟೋನಿನ್ ಮೈಯಲ್ಲಿ ತಡವಾಗಿ ಹುಟ್ಟುತ್ತದೆ.

ಕಷ್ಟವಾದದ್ದು ಸಂಜೆಯ ಕಾಫಿ ಬಿಡುವುದು. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಏಳರ ಕಾಫಿಯ ಅರ್ಧಪಾಲು ನಡುರಾತ್ರಿಯಲ್ಲೂ ಎಚ್ಚರವಾಗಿರುತ್ತದೆ. ಅದರ ಬದಲು ಕೊತ್ತಂಬರಿ, ಜೀರಿಗೆ ಹುರಿದು ಮಾಡಿದ ಪುಡಿಯ ಕಷಾಯ, ಹಾಲು ಬೆಲ್ಲ ಹಾಕಿ. ಊಟಕ್ಕೆ ಮೊಸರನ್ನ, ಮಿಡಿ ಉಪ್ಪಿನಕಾಯಿ. ಒಬ್ಬಳಿಗೇ ಆದರೂ ತಟ್ಟೆಯಲ್ಲಿ ಬಡಿಸಿಕೊಂಡೇ ಉಣ್ಣುತ್ತೇನೆ. ಪಾತ್ರೆಯಿಂದಲೇ ತಿಂದರೆ ನನ್ನನ್ನು ನಾನೇ ಬೇಗ ಸಾಗಹಾಕಿದಂತೆ.

ಭಾನುವಾರ ಗೆಳತಿಯರ ಜೊತೆ ಮಾಟುಂಗಾದಲ್ಲಿ ಇಡ್ಲಿ ತಿನ್ನುವುದಕ್ಕೂ ಇದಕ್ಕೂ ಜಗಳವಿಲ್ಲ. ಜನ ಬೇಡವೆಂದಲ್ಲ, ಜನರ ನಡುವೆ ಸ್ವಲ್ಪ ಬಿಡುವು ಬೇಕು, ಅಷ್ಟೇ.

ಕಳೆದ ತಿಂಗಳು ಧೈರ್ಯ ಮಾಡಿ ಅಮ್ಮನಿಗೆ ಹೇಳಿಬಿಟ್ಟೆ: "ಬೇಜಾರಾಗಲ್ಲಮ್ಮ. ಈ ಹೊತ್ತು ನಂಗಿಷ್ಟ." ಆ ಕಡೆ ಸದ್ದಿಲ್ಲ. ಬೈಯುತ್ತಾಳೆ ಅಂದುಕೊಂಡೆ.

"ನಂಗೂ ಬೇಕಿತ್ತು ಕಣೇ" ಅಂದಳು. "ನೀವೆಲ್ಲ ಉಂಡು ಮಲಗಿದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತಿರ್ತಿದ್ದೆ. ಯಾರಾದ್ರೂ ಕೇಳಿದ್ರೆ ಪಾತ್ರೆ ತೊಳೀತಿದೀನಿ ಅಂತಿದ್ದೆ."

ಈಗ ಅಮ್ಮ ಒಂಬತ್ತೂವರೆಗೆ ಫೋನ್ ಮಾಡುವುದಿಲ್ಲ. ಬೆಳಿಗ್ಗೆ ಮಾಡುತ್ತಾಳೆ.