ಒಡಲು ಮಣ್ಣಿಗೆ, ಒಲವು ಲಿಂಗಕ್ಕೆ



ಕುಂದಾಪುರದ ಕಡೆಯ ಭಕ್ತರೋರ್ವರು ಈಚೆಗೆ ನಮ್ಮನ್ನು ಕಂಡು, “ಶಾಸ್ತ್ರಿಗಳೇ, ತಂದೆಯವರಿಗೆ ವಯಸ್ಸಾಗಿದೆ. ಅವರು ಲಿಂಗೈಕ್ಯರಾದರೆ ಘಟ್ಟದ ಮೇಲಿನ ಮೂಲದೂರಿಗೆ ಒಯ್ಯಬೇಕೋ, ಇಲ್ಲಿಯೇ ಸಮಾಧಿ ಮಾಡಬಹುದೋ?” ಎಂದು ಕೇಳಿದರು. ಸುತ್ತಲಿನವರೆಲ್ಲ ದಹನ ಮಾಡುವವರು; ನಮ್ಮವರ ಮನೆಗಳು ಅಲ್ಲಿ ವಿರಳ. ಅವರಿಗೆ ನಾವು ಬಸರೂರನ್ನು ಕಂಡುಹೋದ ರೋಮಿನವನೊಬ್ಬನ ವೃತ್ತಾಂತವನ್ನು ಹೇಳಿದೆವು.

ಪಿಯೆತ್ರೊ ದೆಲ್ಲ ವಲ್ಲೆ ರೋಮ್ ನಗರದ ಸಿರಿವಂತ ಮನೆತನದಲ್ಲಿ 1586ರಲ್ಲಿ ಜನಿಸಿದವನು. 1616ರಲ್ಲಿ ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ವರಿಸಿದನು. 1621ರ ಡಿಸೆಂಬರಿನಲ್ಲಿ ಆಕೆ ಪರ್ಷಿಯಾದ ಮಿನಾಬಿನಲ್ಲಿ ತೀರಿಕೊಂಡಳು. ಪತಿಯು ದೇಹಕ್ಕೆ ಕರ್ಪೂರ ತುಂಬಿಸಿ, ಕೆಡದಂತೆ ಪೆಟ್ಟಿಗೆಯಲ್ಲಿರಿಸಿ, ತನ್ನ ಕುಲಸಮಾಧಿಗೇ ಸೇರಿಸುವೆನೆಂದು ಸಂಕಲ್ಪಿಸಿದನು. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಡನೆ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದನು. ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆದು, ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ದಾರಿಯಲ್ಲಿ ಕಂಡನು. ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ವಿಧವೆಯೊಡನೆ ಮಾತನಾಡಿದನು. ಇವೆಲ್ಲವನ್ನೂ ಪತ್ರಗಳಲ್ಲಿ ಬರೆದಿಟ್ಟು, ಘಟ್ಟವಿಳಿದು ಬಸರೂರಿನ ಮಾರ್ಗವಾಗಿ ಮಂಗಳೂರಿಗೆ ತೆರಳಿದನು. ಮಾನಿಯ ದೇಹವು ರೋಮಿನ ಅರಾಚೆಲಿ ಇಗರ್ಜಿಯ ಕುಲಸಮಾಧಿಯನ್ನು ಸೇರಿತು; ಅಂತ್ಯಕ್ರಿಯೆಯ ವಿಧಿ ನಡೆದದ್ದು 1627ರಲ್ಲಿ. ಮರಣವಾಗಿ ಐದು ವರ್ಷಗಳ ಮೇಲೆ! ವೈಭವದ ಆ ಕ್ರಿಯೆಯಲ್ಲಿ ಮಡದಿಯ ಗುಣಗಾನಕ್ಕೆ ನಿಂತವನು ದುಃಖ ತಡೆಯಲಾರದೆ ಅತ್ತುಬಿಟ್ಟನಂತೆ.

ಆ ಒಲವನ್ನು ನಾವು ಹಳಿಯಲಾರೆವು. ಆದರೆ ಶರಣಮಾರ್ಗವು ದೇಹವನ್ನು ಕಾಪಿಡುವುದಲ್ಲ, ಒಪ್ಪಿಸುವುದು. ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಕುಳ್ಳಿರಿಸಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟು, ಬಿಲ್ವಪತ್ರೆಗಳೊಡನೆ ಮಣ್ಣಿಗೆ ಒಪ್ಪಿಸುತ್ತೇವೆ. ಸಮಾಧಿಯ ಕುಣಿಯನ್ನು ಲಿಂಗೈಕ್ಯರ ಪಾದದಿಂದಲೇ ಅಳೆಯುವ ರೂಢಿ ಹಲವೆಡೆ ಉಂಟು. ಸಿರಿವಂತನಿಗೂ ಬಡವನಿಗೂ ಅವರವರ ಪಾದವೇ ಅಳತೆ, ಹಣವಲ್ಲ. ಅಂಗೈಯಲ್ಲಿ ಲಿಂಗವಿರುವವನಿಗೆ ಯಾವ ಊರು ಪರಸ್ಥಳ?

ಆದುದರಿಂದ ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ನಮ್ಮ ಮನೆಯವರು ಸಮಾಧಿಯ ಸ್ಥಳವನ್ನು ಮುಂಚಿತವಾಗಿ ನಿಶ್ಚಯಿಸಿಕೊಳ್ಳಲಿ. ಕ್ರಿಯೆಯನ್ನು ಮಕ್ಕಳಿಗೆ ತಿಳಿಸಿಕೊಡಲಿ. ದುಃಖದ ಹೊತ್ತಿನಲ್ಲಿ ಓಡಾಡುವುದು ತಪ್ಪುತ್ತದೆ.

“ಮೊದಲು ತಂದೆಯವರನ್ನೇ ಕೇಳಿರಿ” ಎಂದು ನಾವು ಆ ಭಕ್ತರನ್ನು ಕಳುಹಿಸಿದೆವು. ಹದಿನೈದು ದಿನಗಳ ಬಳಿಕ ಅವರು ಮರಳಿ ಬಂದರು. ಹಿರಿಯರು ನಕ್ಕು ನುಡಿದರಂತೆ: “ನಲವತ್ತು ವರ್ಷ ಉಂಡದ್ದು ಈ ಮಣ್ಣಿನ ಅನ್ನ. ಋಣ ತೀರಿಸಲು ಬೇರೆ ಊರಿಗೆ ಏಕೆ ಹೋಗಲಿ?”