ಅಂಗಿ ಹಾರಿತು, ಪಿಸ್ತೂಲು ಕಂಡಿತು!



ಕಳೆದ ತಿಂಗಳು ಹುಡುಗನೊಬ್ಬ ಅಕ್ಕನ ಮದುವೆ ಕಾರ್ಡಿನ ಪ್ರೂಫ್ ನೋಡಲು ನಮ್ಮ ಪ್ರೆಸ್ಸಿಗೆ ಬಂದ. ಅವನ ಬುಲೆಟ್ಟಿನ ಸದ್ದು ನಾಲ್ಕು ಅಂಗಡಿ ಆಚೆಯಿಂದಲೇ ಕೇಳುತ್ತಿತ್ತು. ಗಾಳಿಗೆ ಅಂಗಿ ಮೇಲೆದ್ದಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪಿಸ್ತೂಲು ಬೀದಿಗೆಲ್ಲ ಕಾಣುತ್ತಿತ್ತು! ಡಿಟಿಪಿ ಮಾಡುವ ನಮ್ಮ ಹುಡುಗಿ ಕುರ್ಚಿ ಬಿಟ್ಟು ಒಳಗೆ ಹೋದಳು. ಇವನು ನಗುತ್ತಾ, “ಹೆದರ್ಬೇಡಿ ಅಣ್ಣ, ಲೈಸೆನ್ಸ್ ಇದೆ” ಎಂದ.

ಇರಲಿ. ಅದರ ಷರತ್ತು ಓದಿದ್ದೀಯೇನಪ್ಪ ಎಂದು ಕೇಳಿದೆ. ತಲೆ ಕೆರೆದುಕೊಂಡ.

ಇಂಥವರು ನಮ್ಮ ಊರಲ್ಲಿ ಒಬ್ಬಿಬ್ಬರಲ್ಲ. ಲೈಸೆನ್ಸ್ ಸಿಕ್ಕಿದ್ದೇ ತಡ, ಬೀದಿ ಬೀದಿಯಲ್ಲಿ ತೋರಿಸುವ ಹಕ್ಕೂ ಸಿಕ್ಕಿತು ಎಂದುಕೊಂಡಿದ್ದಾರೆ. ಸಿಕ್ಕಿಲ್ಲ! ಲೈಸೆನ್ಸ್ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ. ಆದರೆ ರಸ್ತೆಯಲ್ಲಿ ಹೇಗೆ ಒಯ್ಯಬೇಕು ಎಂದು ಹೇಳುವುದು 2016ರ ಶಸ್ತ್ರಾಸ್ತ್ರ ನಿಯಮಗಳು. ಅದರ 32ನೇ ನಿಯಮ ನೋಡಿ. ಪಿಸ್ತೂಲು, ರಿವಾಲ್ವರ್ ಯಾವುದೇ ಇರಲಿ, ಸಾರ್ವಜನಿಕ ಸ್ಥಳದಲ್ಲಿ ಒಯ್ಯುವುದಾದರೆ ಮೈಗೆ ಕಟ್ಟಿಕೊಂಡ ಹೋಲ್‌ಸ್ಟರಿನಲ್ಲಿರಬೇಕು, ಇಲ್ಲವೇ ಬೆನ್ನಚೀಲದಂಥ ಚೀಲದಲ್ಲಿರಬೇಕು. ಪೂರ್ತಿ ಮುಚ್ಚಿರಬೇಕು. ಒಯ್ಯುವವನ ಹಿಡಿತದಲ್ಲೇ ಇರಬೇಕು. ತೆಗೆದು ಝಳಪಿಸಿದರೆ, ಗಾಳಿಯಲ್ಲಿ ಹಾರಿಸಿದರೆ ಲೈಸೆನ್ಸೇ ಹೋದೀತು. ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈಗ ಬೈಕಿಗೆ ಬನ್ನಿ. ಕಾರಿನಲ್ಲಿ ಕೂತವನ ಅಂಗಿ ಹಾರುವುದಿಲ್ಲ, ಬೈಕಿನವನದು ಹಾರುತ್ತದೆ. ಪೂರ್ತಿ ಮುಚ್ಚಿರಬೇಕೆಂಬ ನಿಯಮ ಅಲ್ಲಿಗೇ ಮುರಿಯಿತು. ಹಾಗಾಗಿ ಮೇಲೊಂದು ಜಾಕೆಟ್ ಇರಲಿ, ಅದರ ಜಿಪ್ ಹಾಕಿರಲಿ. ಇನ್ನು ಪೆಟ್ರೋಲ್ ಟ್ಯಾಂಕಿನ ಮೇಲಿನ ಬ್ಯಾಗು, ಪಕ್ಕದ ಡಬ್ಬಿ. ಅದರೊಳಗೆ ಪಿಸ್ತೂಲಿಟ್ಟು ಬೀಗ ಹಾಕಿ ದರ್ಶಿನಿಯಲ್ಲಿ ಕಾಫಿ ಕುಡಿಯಲು ಹೋದೆಯಾ? ಅದು ನಿನ್ನ ಹಿಡಿತದಲ್ಲಿಲ್ಲ, ಸ್ವಾಮಿ! ಬೈಕೇ ಕಳುವಾಗುವ ಊರಿದು. ಚೀಲ ಬೆನ್ನ ಮೇಲೇ ಇರಬೇಕು, ಕಾಫಿ ಕುಡಿಯುವಾಗಲೂ. ಗುಂಡಿಗಳಿಗೆ ಬರವಿಲ್ಲದ ನಮ್ಮ ರಸ್ತೆಯಲ್ಲಿ ಬೈಕ್ ಬಿದ್ದರೆ ಸೊಂಟದ ಪಿಸ್ತೂಲು ಯಾರ ಕಡೆ ಮುಖ ಮಾಡಿರುತ್ತದೋ! ಠಾಣೆಗೋ ರಿಪೇರಿಗೋ ಒಯ್ಯುವವರು ಗುಂಡು ತೆಗೆದು ಬೇರೆಯಾಗಿ ಇಟ್ಟುಕೊಂಡರೆ ಏನು ನಷ್ಟ?

ಇನ್ನೊಂದು ಮಾತು. ನಿಮ್ಮ ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆಂದು ಅದರಲ್ಲೇ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಕೊಟ್ಟಿದ್ದರೆ ಅತ್ತಿಬೆಲೆ ದಾಟಿ ಹೊಸೂರಿಗೆ ಹೋದ ಕೂಡಲೇ ನೀವು ಲೈಸೆನ್ಸ್ ಇಲ್ಲದೆ ಪಿಸ್ತೂಲು ಹೊತ್ತವರು. ಭಾನುವಾರದ ರೈಡಿಗೆ ಹೋಗುವವರು ಇದನ್ನು ನೆನಪಿಡಿ. (ಕೊಡಗಿನವರ ವಿನಾಯಿತಿ ಬೇರೆ. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದನ್ನು ತೋರಿಸಿ ಇಲ್ಲಿ ವಾದ ಮಾಡಬೇಡಿ.) ನಿಷೇಧಾಜ್ಞೆ ಇದ್ದಾಗ, ಚುನಾವಣೆಗೆಂದು ಠಾಣೆಯಲ್ಲಿ ಒಪ್ಪಿಸಲು ಹೇಳಿದಾಗ ಲೈಸೆನ್ಸ್ ಜೇಬಿನಲ್ಲಿದ್ದರೂ ಹೊತ್ತು ತಿರುಗುವಂತಿಲ್ಲ.

ರಾತ್ರಿ ನಾಕಾಬಂದಿಯಲ್ಲಿ ಕೈ ಅಡ್ಡ ಹಾಕಿದರೆ ಇಂಜಿನ್ ಆರಿಸಿ. ಎರಡೂ ಕೈ ಹ್ಯಾಂಡಲ್ ಮೇಲಿರಲಿ. “ಸಾರ್, ಲೈಸೆನ್ಸ್ ಇರೋ ಪಿಸ್ತೂಲಿದೆ” ಎಂದು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕೈ ಆಡಿಸಿ. ಲೈಸೆನ್ಸ್ ತೋರಿಸದಿದ್ದರೆ ಆಯುಧ ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗಿದೆ.

ಈ ನಿಯಮಗಳನ್ನು ದಿಲ್ಲಿ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಗೆಜೆಟ್ ಮಾಡಿತು. ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಲ್ಲುವ ನಮ್ಮ ಹಳ್ಳಿಯ ಕಾವಲುಗಾರ ಅದನ್ನು ಓದುವುದು ಹೇಗೆ? ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡುವ ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಕೊಡುವ ಜಿಲ್ಲಾಧಿಕಾರಿ ಪ್ರತಿ ಲೈಸೆನ್ಸಿನ ಜೊತೆ ಈ ಷರತ್ತುಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಕೊಡಲಿ. ಒಂದೇ ಪುಟದ ಕೆಲಸ. ಕಾಗದ ಕೊಟ್ಟರೆ ಕೂಲಿಯಿಲ್ಲದೆ ನಾನೇ ಅಚ್ಚು ಹಾಕಿಕೊಡುತ್ತೇನೆ.